ಒಳಲೆಯೂ ಬೇಕು, ಲಸಿಕೆಯೂ ಬೇಕು

ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಮಗಳು ಕೂಸಿನೊಡನೆ ಪರಸ್ಥಳದ ಮನೆಗೆ ಹೊರಡುವ ದಿನದ ಗಡಿಬಿಡಿಯನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. ಕುಂಚಿಗೆ, ಹಳೆಯ ಸೀರೆಯಿಂದ ಹೊಲಿದ ಮೆತ್ತನೆಯ ಬಟ್ಟೆಗಳು, ಕೊಬ್ಬರಿ ಎಣ್ಣೆಯ ಡಬ್ಬಿ, ಮೊಳಕೆ ಕಟ್ಟಿ ಬೀಸಿದ ರಾಗಿಹಿಟ್ಟು, ಎಲ್ಲವೂ ಒಂದೊಂದಾಗಿ ಪೆಟ್ಟಿಗೆ ಸೇರುತ್ತವೆ. ಅಜ್ಜಿಯಾದವಳು ಹದಿನೈದು ದಿನದ ಮಟ್ಟಿಗೆ ಜೊತೆಗೆ ಬರುತ್ತಾಳೆ. ಎಣ್ಣೆ ಹಚ್ಚುವುದನ್ನು, ಕಾಲ ಮೇಲೆ ಮಲಗಿಸಿ ನೀರೆರೆಯುವುದನ್ನು ಕಲಿಸಿಕೊಟ್ಟು, ಕಣ್ಣೊರೆಸಿಕೊಳ್ಳುತ್ತ ರೈಲು ಹತ್ತುತ್ತಾಳೆ. ಆಮೇಲೆ ಎರಡು ಕೋಣೆಯ ಮನೆಯಲ್ಲಿ ಗಂಡ, ಹೆಂಡತಿ ಮತ್ತು ಐದು ತಿಂಗಳ ಕೂಸು, ಈ ಮೂವರೇ.

ಊರಿನಲ್ಲಾದರೆ ಕೂಸು ಒಮ್ಮೆ ಕೆಮ್ಮಿದರೆ ನಾಲ್ಕು ಜನ ಎದ್ದು ಬರುತ್ತಾರೆ. ಇಲ್ಲಿ ನಡುರಾತ್ರಿಯಲ್ಲಿ ಅದು ಅತ್ತರೆ ಹಸಿವೋ, ಹೊಟ್ಟೆನೋವೋ, ಸುಮ್ಮನೆ ಹಟವೋ ಎಂದು ಹೇಳುವವರಿಲ್ಲ. ಬುದ್ಧಿವಾದಕ್ಕೆ ಮಾತ್ರ ಕೊರತೆಯಿಲ್ಲ. ಫೋನಿನಲ್ಲಿ ಅಜ್ಜಿ ಒಂದು ಹೇಳುತ್ತಾರೆ, ಎದುರು ಮನೆಯವರು ಇನ್ನೊಂದು, ದವಾಖಾನೆಯ ಡಾಕ್ಟರು ಮತ್ತೊಂದು. ಮೂವರೂ ನಮ್ಮ ಹಿತವನ್ನೇ ಬಯಸುವವರು. ಆದರೆ ಮೂವರ ಮಾತು ಮೂರಾದಾಗ ಯಾರದನ್ನು ಕೇಳಬೇಕು? ಈ ಪ್ರಶ್ನೆಗೆ ನಾವು ಉತ್ತರ ಕಂಡುಕೊಂಡದ್ದು ಒಂದು ತಪ್ಪು ಮಾಡಿದ ಮೇಲೆ. ಆ ತಪ್ಪನ್ನೇ ಮೊದಲು ಹೇಳಿಬಿಡುವುದು ಲೇಸು.

ಪೆಟ್ಟಿಗೆಯ ತಳದಲ್ಲಿದ್ದ ಒಳಲೆ

ನಮ್ಮ ಕೂಸಿನ ಅಜ್ಜಿ ತೀರ್ಥಹಳ್ಳಿ ಕಡೆಯವರು. ಡೊಂಬಿವಲಿಯ ನಮ್ಮ ಮನೆಗೆ ಬಂದಾಗ ಪೆಟ್ಟಿಗೆಯ ತಳದಿಂದ ಬಟ್ಟೆಯಲ್ಲಿ ಸುತ್ತಿದ ಬೆಳ್ಳಿಯ ಒಳಲೆಯೊಂದನ್ನು ತೆಗೆದು ಮಗಳ ಕೈಗಿತ್ತರು. ಒಳಲೆಯನ್ನು ಕಾಣದ ಎಳೆಯ ವಾಚಕರಿಗಾಗಿ ಹೇಳುತ್ತೇವೆ: ಅದು ಹಣತೆಯ ಹಾಗೆ ಒಂದು ಕಡೆ ಮೂತಿ ಚಾಚಿದ ಪುಟ್ಟ ಬಟ್ಟಲು. ಮೂತಿಯನ್ನು ಕೂಸಿನ ತುಟಿಗೆ ಹಿಡಿದು ಸ್ವಲ್ಪ ಸ್ವಲ್ಪವಾಗಿ ಹಾಲನ್ನೋ ಔಷಧವನ್ನೋ ಕುಡಿಸುವುದಕ್ಕೆ ನಮ್ಮ ಹಿರಿಯರು ಮಾಡಿಕೊಂಡ ಸಾಧನ.

"ಬಾಟ್ಲಿ ಗೀಟ್ಲಿ ಬ್ಯಾಡ ಕಣೇ. ಇದ್ರಲ್ಲೇ ಕುಡ್ಸು. ತಿಕ್ಕಿ ತೊಳೆಯೋಕೆ ಒಂದು ನಿಮಿಷ ಸಾಕು" ಎಂದರು.

ನಾವು ನಕ್ಕು ಸುಮ್ಮನಾದೆವು. ಒಳಲೆ ಕಪಾಟು ಸೇರಿತು. ಮನೆಯವರ 26 ವಾರದ ರಜೆ ತೀರಿ ಅವರು ಮತ್ತೆ ಕಚೇರಿಗೆ ಹೋಗತೊಡಗಿದಾಗ, ಹಗಲು ಕೂಸನ್ನು ನೋಡಿಕೊಳ್ಳಲು ಎದುರು ಮನೆಯ ಮರಾಠಿ ಆಜಿ ಒಪ್ಪಿದರು. ಅವರಿಗೆ ಸುಲಭವಾಗಲೆಂದು ನಾವು ಪೇಟೆಯಿಂದ ಚೆಂದದ ಹಾಲಿನ ಬಾಟಲಿಯನ್ನು ತಂದೆವು. ಬೆಳಗ್ಗೆ ತುಂಬಿಟ್ಟ ಬಾಟಲಿ ಮಧ್ಯಾಹ್ನದವರೆಗೂ ಕೂಸಿನ ಪಕ್ಕದಲ್ಲೇ ಇರುತ್ತಿತ್ತು. ಅದರ ರಬ್ಬರಿನ ತೊಟ್ಟು, ತಿರುಪಿನ ಸಂದು ಇವುಗಳಲ್ಲಿ ಹಾಲಿನ ಅಂಶ ಕೂತಿರುವುದನ್ನು ನಾವು ಗಮನಿಸಲಿಲ್ಲ.

ಮಳೆಗಾಲ. ಕೂಸಿಗೆ ಎಂಟನೆಯ ತಿಂಗಳು. ಒಂದು ಬೆಳಗ್ಗೆ ನೀರಿನಂಥ ಭೇದಿ ಶುರುವಾಯಿತು, ಜೊತೆಗೆ ವಾಂತಿ. ಆಜಿ ವಸಡು ಮುಟ್ಟಿ ನೋಡಿ, ಹಲ್ಲು ಬರುತ್ತಿದೆ, ಹೀಗಾಗುವುದು ಸಹಜ ಎಂದರು. ಊರಿಗೆ ಫೋನು ಮಾಡಿದರೆ ಅಜ್ಜಿಯೂ ಅದನ್ನೇ ಹೇಳಿದರು: "ಹಲ್ಲು ಬರೋವಾಗ ಹಂಗೇ. ಎರಡು ದಿನ ಹೊಟ್ಟೆಗೆ ಏನೂ ಹಾಕ್ಬ್ಯಾಡಿ." ಎರಡು ಊರಿನ ಇಬ್ಬರು ಹಿರಿಯರು ಒಂದೇ ಮಾತು ಹೇಳಿದ ಮೇಲೆ ಸಂಶಯವೆಲ್ಲಿ? ನಾವು ಹಾಲನ್ನೂ ಊಟವನ್ನೂ ನಿಲ್ಲಿಸಿದೆವು.

ಮರುದಿನ ಸಂಜೆಗೆ ಕೂಸಿನ ಕಣ್ಣು ಗುಳಿಬಿದ್ದಿತ್ತು. ಅಳುತ್ತಿತ್ತು, ಆದರೆ ಕಣ್ಣೀರು ಬರುತ್ತಿರಲಿಲ್ಲ. ಬೆಳಗಿನಿಂದ ಒಂದು ಬಟ್ಟೆಯೂ ಮೂತ್ರದಿಂದ ಒದ್ದೆಯಾಗಿರಲಿಲ್ಲ. ನೆತ್ತಿಯ ಮೆತ್ತಗಿನ ಜಾಗ ತಗ್ಗಿಹೋಗಿತ್ತು. ಇದನ್ನು ಮೊದಲು ಕಂಡವರು ಹಿಂದಿನ ದಿನ ಹಲ್ಲಿನ ಮಾತಾಡಿದ ಆ ಆಜಿಯೇ. ಏಳಿ ಏಳಿ ಎಂದು ನಮ್ಮನ್ನು ಎಬ್ಬಿಸಿ, ಸುರಿಯುವ ಮಳೆಯಲ್ಲಿ ರಿಕ್ಷಾ ನಿಲ್ಲಿಸಿ, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮೊಡನೆ ಆಸ್ಪತ್ರೆಗೆ ಬಂದರು.

ಡಾಕ್ಟರಮ್ಮ ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟರು. ಮಡಿಕೆ ತಟ್ಟನೆ ಇಳಿಯಬೇಕಾದದ್ದು ನಿಧಾನವಾಗಿ ಇಳಿಯಿತು. ಮೈಯ ನೀರು ಆರಿರುವುದಕ್ಕೆ ಅದೇ ಗುರುತು. ತೂಕ 7 ಕಿಲೋಗ್ರಾಂ ಇತ್ತು. ಕಿಲೋಗ್ರಾಂಗೆ 75 ಮಿಲಿಲೀಟರಿನಂತೆ, ಅರ್ಧ ಲೀಟರಿಗೂ ಸ್ವಲ್ಪ ಹೆಚ್ಚು ಓ.ಆರ್.ಎಸ್. ನೀರನ್ನು 4 ಗಂಟೆಗಳಲ್ಲಿ ಕುಡಿಸಬೇಕೆಂದರು. ದಾದಿ ಒಂದು ಪಾತ್ರೆ ತಂದು ಕೂಸಿನ ತುಟಿಗೆ ಹಿಡಿದಳು. ನಾವು ಬೆರಗಾಗಿ ನೋಡಿದೆವು. ಅದು ಒಳಲೆ! ಬೆಳ್ಳಿಯದಲ್ಲ, ಉಕ್ಕಿನದು, ಆಕಾರ ಮಾತ್ರ ಅಜ್ಜಿ ಕೊಟ್ಟದ್ದೇ. ಎದೆಗೆ ಬಾಯಿ ಹಚ್ಚಿ ಚೀಪಲು ಶಕ್ತಿಯಿಲ್ಲದ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ತಾಯಿಯ ಹಾಲನ್ನು ಇದರಲ್ಲೇ ಕುಡಿಸುತ್ತೇವೆ, ತಮಿಳರು ಇದನ್ನು ಪಾಲಾಡೈ ಎನ್ನುತ್ತಾರೆ ಎಂದು ಡಾಕ್ಟರಮ್ಮ ಹೇಳಿದರು. ಆಮೇಲೆ ನಮ್ಮ ಕೈಚೀಲದಲ್ಲಿದ್ದ ಬಾಟಲಿಯತ್ತ ಬೆರಳು ತೋರಿಸಿ, "ಇದನ್ನು ಮನೆಗೆ ಮತ್ತೆ ಒಯ್ಯಬೇಡಿ" ಎಂದರು.

ರಾತ್ರಿ ಹನ್ನೊಂದರ ಸುಮಾರಿಗೆ ಕೂಸು ಬಟ್ಟೆ ಒದ್ದೆ ಮಾಡಿತು. ಅಷ್ಟು ಸಂತೋಷದಿಂದ ನಾವು ಯಾವ ಬಟ್ಟೆಯನ್ನೂ ಬದಲಾಯಿಸಿಲ್ಲ.

ಒಂದು ಸರಿ, ಒಂದು ತಪ್ಪು

ಮನೆಗೆ ಬಂದ ಮೇಲೆ ನಾವಿಬ್ಬರೂ ಕೂತು ಯೋಚಿಸಿದೆವು. ಒಳಲೆಯ ವಿಷಯದಲ್ಲಿ ಅಜ್ಜಿಯ ಮಾತು ನೂರಕ್ಕೆ ನೂರು ಸರಿ. ಹಳೆಯದೆಂದು ನಾವು ತಳ್ಳಿದೆವು. ಹಲ್ಲಿನ ವಿಷಯದಲ್ಲಿ ಅದೇ ಅಜ್ಜಿಯ ಮಾತು ತಪ್ಪು. ಹಿರಿಯರದೆಂದು ನಾವು ಒಪ್ಪಿದೆವು. ಬಾಟಲಿ ಪೇಟೆಯ ಹೊಸ ವಸ್ತು, ಓ.ಆರ್.ಎಸ್. ಸಹ ಹೊಸದೇ, ಒಂದು ಕೂಸನ್ನು ಕೆಡಿಸಿತು, ಇನ್ನೊಂದು ಉಳಿಸಿತು. ಹಳೆಯದು, ಹೊಸದು ಎಂಬ ಹೆಸರು ನೋಡಿ ಆರಿಸಿದರೆ ಮೋಸ ಹೋಗುತ್ತೇವೆ. ಯಾವುದು ಏಕೆ ಎಂದು ಕೇಳಿ ಆರಿಸಬೇಕು.

ಹಲ್ಲಿನ ಮಾತು ಹುಟ್ಟಿದ್ದಾದರೂ ಹೇಗೆ? ಮೊದಲ ಹಲ್ಲು ಸಾಮಾನ್ಯವಾಗಿ 6ರಿಂದ 10 ತಿಂಗಳ ನಡುವೆ ಮೂಡುತ್ತದೆ. ತಾಯಿಯ ಗರ್ಭದಲ್ಲಿದ್ದಾಗ ಕೂಸಿಗೆ ದಾಟಿಬಂದ ರೋಗನಿರೋಧಕ ಶಕ್ತಿ ಕುಗ್ಗುವುದೂ ಆಗಲೇ. ಕೂಸು ಅಂಬೆಗಾಲಿಟ್ಟು ನೆಲದ ಮೇಲಿನದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದೂ, ಮೇಲಿನ ಆಹಾರ ಆರಂಭವಾಗುವುದೂ ಆಗಲೇ. ಭೇದಿಯನ್ನು ತರುವುದು ಬಾಯಿಯ ಮೂಲಕ ಒಳಹೊಕ್ಕ ರೋಗಾಣು. ಅದೇ ವೇಳೆಗೆ ಕಾಣಿಸಿಕೊಂಡ ಪಾಪದ ಹಲ್ಲಿನ ಮೇಲೆ ಅಪವಾದ.

ಉಪ್ಪು, ಸಕ್ಕರೆ, ನೀರು

ಓ.ಆರ್.ಎಸ್. ಎಂಬ ಈ ಬಡವರ ಸಂಜೀವಿನಿಯ ಕತೆಯನ್ನು ಪ್ರತಿ ಮನೆಯೂ ತಿಳಿದಿರಬೇಕು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಿಗೆ ಬಂದು ತುಂಬಿದಾಗ ಅವರಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಏರಿಸುವ ಸಲೈನು ಮುಗಿಯುತ್ತ ಬಂತು. ಆಗ ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಗ್ಲೂಕೋಸು, ಅಡಿಗೆ ಸೋಡಾಗಳನ್ನು ನೀರಿನಲ್ಲಿ ಕರಗಿಸಿ, ಪೀಪಾಯಿಗಳಲ್ಲಿ ತುಂಬಿಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶಿಬಿರದಲ್ಲಿ ನೂರಕ್ಕೆ ಸುಮಾರು 30 ಆಗಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕರುಳು ಕೆಟ್ಟಿದ್ದರೂ ಸಕ್ಕರೆಯ ಜೊತೆ ಸೇರಿದ ಉಪ್ಪನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ; ಗುಟ್ಟು ಇಷ್ಟೇ. ಡಾ. ಮಹಾಲನಬೀಸ್ 2022ರಲ್ಲಿ ತೀರಿಕೊಂಡರು; 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಮನೆಯಲ್ಲಿ ಮಾಡಬೇಕಾದದ್ದು ಇದು. ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದನ್ನು ಕುದಿಸಿ ಆರಿಸಿದ 1 ಲೀಟರು ನೀರಿಗೆ ಹಾಕಬೇಕು; ಚಿಕ್ಕ ಪೊಟ್ಟಣವಾದರೆ ಮೇಲೆ ಬರೆದಿರುವ ಅಳತೆಯಷ್ಟೇ ನೀರು. ಅರ್ಧ ಪೊಟ್ಟಣ, ಅಂದಾಜಿನ ನೀರು ಕೂಡದು. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರು, ಚಮಚ ಚಮಚವಾಗಿ. ವಾಂತಿಯಾದರೆ 10 ನಿಮಿಷ ತಡೆದು ಮತ್ತೆ ನಿಧಾನವಾಗಿ ಕೊಡುವುದು. ಎದೆಹಾಲನ್ನು ನಿಲ್ಲಿಸಬಾರದು, ಆರು ತಿಂಗಳು ದಾಟಿದ್ದರೆ ಊಟವನ್ನೂ ನಿಲ್ಲಿಸಬಾರದು. ಡಾಕ್ಟರು ಬರೆದುಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಮುಗಿಸಬೇಕು. ಔಷಧದಂಗಡಿಯಲ್ಲಿ ಸಿಗುವ ಸಿಹಿ ಪಾನಕಗಳು ಓ.ಆರ್.ಎಸ್. ಅಲ್ಲ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ಈಗ ಉಪ್ಪಿನ ಭರಣಿಯ ಪಕ್ಕದಲ್ಲೇ ಎರಡು ಪೊಟ್ಟಣ ಯಾವಾಗಲೂ ಇರುತ್ತವೆ.

ಹಾಲು ಮತ್ತು ರಾಗಿ

ಹುಟ್ಟಿದ ಒಂದು ಗಂಟೆಯೊಳಗೆ ಕೂಸಿಗೆ ಎದೆಹಾಲು. ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಗಟ್ಟಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ರೋಗನಿರೋಧಕ ಅಂಶ ಅತಿ ಹೆಚ್ಚಾಗಿರುವುದು ಆ ಹಾಲಿನಲ್ಲೇ. ಅಲ್ಲಿಂದ ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು. ಜೇನಿಲ್ಲ, ಸಕ್ಕರೆ ನೀರಿಲ್ಲ, ಗುಟ್ಟಿಯಿಲ್ಲ, ಗ್ರೈಪ್ ವಾಟರ್ ಇಲ್ಲ. ಚೆನ್ನೈ, ಹೈದರಾಬಾದುಗಳ ಬೇಸಗೆಯಲ್ಲೂ ಬೇರೆ ನೀರು ಬೇಕಿಲ್ಲ. ಎದೆಹಾಲಿನಲ್ಲಿ ಬಹುಪಾಲು ನೀರೇ. ಬಾಯಾರಬೇಕಾದದ್ದು ಬಾಣಂತಿಗೆ. ಅವಳಿಗೆ ನೀರು ಕೊಟ್ಟರೆ ಕೂಸಿಗೆ ನೆಗಡಿ ಎಂದು ಗುಟುಕು ಲೆಕ್ಕದಲ್ಲಿ ಕೊಡುವ ವಾಡಿಕೆಯನ್ನು ನಾವು ಬಿಡಬೇಕು. ಹಾಲೂಡುವ ತಾಯಿ ಬಾಯಾರಿದಷ್ಟು ಕುಡಿಯಲಿ, ಹೊಟ್ಟೆತುಂಬ ಉಣ್ಣಲಿ.

ಕೂಸಿಗೆ ಹಾಲು ಸಾಲುತ್ತಿದೆಯೇ ಎಂಬ ಅಂಜಿಕೆ ಎಲ್ಲ ತಾಯಂದಿರಿಗೂ ಇರುತ್ತದೆ. ದಿನಕ್ಕೆ ಆರು ಸಲವಾದರೂ ಮೂತ್ರವಾಗುತ್ತಿದ್ದು, ತೂಕ ಏರುತ್ತಿದ್ದರೆ ಸಾಲುತ್ತಿದೆ. ಮೊದಲ ವಾರದಲ್ಲಿ ತೂಕ ಕೊಂಚ ಇಳಿದು, ಎರಡು ವಾರದೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಸುಮಾರು 5 ತಿಂಗಳಿಗೆ ಹುಟ್ಟುತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುವುದು ಸಾಮಾನ್ಯ ಲೆಕ್ಕ. ಡಬ್ಬಿಹಾಲಿನ ಜಾಹೀರಾತನ್ನು ನಮ್ಮ ದೇಶ 1992ರ ಕಾನೂನಿನಿಂದಲೇ ನಿಷೇಧಿಸಿದೆ. ಡಾಕ್ಟರು ಬೇಕೆಂದು ಹೇಳದ ಹೊರತು ಅದರ ಗೊಡವೆ ಬೇಡ. ದುಡಿಯುವ ತಾಯಂದಿರು ಹಾಲನ್ನು ಶುಭ್ರವಾದ ಮುಚ್ಚಳದ ಬಟ್ಟಲಿಗೆ ಹಿಂಡಿಟ್ಟು ಹೋಗಬಹುದು. ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಅದು ಕೆಡದೆ ಇರುತ್ತದೆ. ನಾವು ಬಾಟಲಿಗೆ ಬದಲಾಗಿ ಇದನ್ನೇ ಮಾಡಿದ್ದರೆ ಆ ಮಳೆಯ ರಾತ್ರಿ ಬರುತ್ತಿರಲಿಲ್ಲ.

ಆರು ತಿಂಗಳು ತುಂಬಿದೊಡನೆ ಅಜ್ಜಿಯ ರಾಗಿಹಿಟ್ಟಿನ ಕಾಲ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ಬಟ್ಟೆಯಲ್ಲಿ ಜಾಲಿಸಿ ತೆಗೆದ ಹಿಟ್ಟಿನ ಸರಿಯನ್ನು ಪೇಟೆಯ ಯಾವ ಡಬ್ಬಿಯೂ ಮೀರಿಸಲಾರದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಮ್ ಇದೆ. ಅಕ್ಕಿಯಲ್ಲಿರುವುದು ತೀರ ಕಡಿಮೆ. ಮೊಳಕೆ ಕಟ್ಟಿದ ಹಿಟ್ಟು ಬೇಗ ಜೀರ್ಣವಾಗುತ್ತದೆ, ಗಂಟಲಲ್ಲಿ ಅಂಟುವುದಿಲ್ಲ. ಒಂದೇ ಎಚ್ಚರಿಕೆ: ನೀರು ನೀರಾಗಿ ಮಾಡಿ ಹೊಟ್ಟೆ ತುಂಬಿಸಬೇಡಿ. ಚಮಚವನ್ನು ವಾಲಿಸಿದರೆ ಕೆಳಗೆ ಹರಿಯದೆ ನಿಲ್ಲುವಷ್ಟು ಗಟ್ಟಿಯಿರಲಿ. ಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ. 9 ತಿಂಗಳ ಹೊತ್ತಿಗೆ ಅರ್ಧ ಬಟ್ಟಲು, ದಿನಕ್ಕೆ ಮೂರು ನಾಲ್ಕು ಸಲ. ಹೆಸರುಬೇಳೆ ಬೆರೆಸಿ ಮಿದಿಸಿದ ಅನ್ನಕ್ಕೆ ತುಪ್ಪ, ಕಿವುಚಿದ ಬಾಳೆಹಣ್ಣು, ಬೇಯಿಸಿದ ಕುಂಬಳ, ಸೊಪ್ಪು, ತಿನ್ನುವ ಮನೆಯಾದರೆ ಮೊಟ್ಟೆ, ಒಂದೊಂದಾಗಿ ಸೇರಲಿ. ವರ್ಷ ತುಂಬುವವರೆಗೆ ಉಪ್ಪು ಸಕ್ಕರೆ ಬೇಕಿಲ್ಲ. ನಮಗೆ ಸಪ್ಪೆಯೆನಿಸಿದ್ದು ಕೂಸಿಗೆ ಸಪ್ಪೆಯಲ್ಲ. ಹಸುವಿನ ಹಾಲನ್ನು ಮುಖ್ಯ ಆಹಾರವಾಗಿ ಕೊಡುವುದೂ ವರ್ಷದ ಮೇಲೆಯೇ. ಎದೆಹಾಲು ಎರಡು ವರ್ಷದವರೆಗೂ ಜೊತೆಗಿರಲಿ.

ಮೈ ಅಜ್ಜಿಗೆ, ಬಾಗಿಲುಗಳು ಡಾಕ್ಟರಿಗೆ

ಉಳಿದ ಪದ್ಧತಿಗಳ ವಿಚಾರದಲ್ಲಿ ನಾವು ಒಂದು ಸುಲಭದ ಕಟ್ಟಳೆ ಮಾಡಿಕೊಂಡೆವು. ಕೂಸಿನ ಮೈ ಅಜ್ಜಿಯ ಅಧಿಕಾರಕ್ಕೆ ಸೇರಿದ್ದು. ಬಾಯಿ, ಮೂಗು, ಕಿವಿ, ಕಣ್ಣು, ಹೊಕ್ಕುಳು, ಒಳಕ್ಕೆ ದಾರಿಯಿರುವ ಈ ಬಾಗಿಲುಗಳು ಡಾಕ್ಟರಿಗೆ ಸೇರಿದ್ದು.

ಹಾಗಾಗಿ ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದನ್ನು ನಾವು ಬಿಡಲಿಲ್ಲ. ಅದರಿಂದ ಕೂಸಿಗೆ ಸುಖನಿದ್ದೆ, ತಾಯಿ ತಂದೆಯರ ಕೈಯ ಪರಿಚಯ. ಆದರೆ ಮೂಗು ಕಿವಿಗಳಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿದೆವು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರಿಸಬಲ್ಲದು. ದೃಷ್ಟಿಬೊಟ್ಟು ಅಂಗಾಲಿಗೆ ಇರಲಿ, ಕಣ್ಣಿಗೆ ಕಾಡಿಗೆ ಬೇಡ. ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸೀಸದ ಅಂಶವಿರುವುದುಂಟು. ಹೊಕ್ಕುಳಿಗೆ ಅರಿಸಿನ, ಬೂದಿ ಏನನ್ನೂ ಹಚ್ಚದೆ ಒಣಗಿರಲು ಬಿಡಬೇಕು. ಸಾಂಬ್ರಾಣಿ ಹೊಗೆಯ ಪರಿಮಳ ನಮಗೂ ಪ್ರಿಯವೇ. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಅದು ಎಳೆಯ ಉಸಿರಿಗೆ ಭಾರ. ಒಂದು ವರ್ಷದೊಳಗೆ ಜೇನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ರೋಗಾಣುವಿನ ಬೀಜ ಎಳೆಯ ಕರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುವ ವಿಷವಾಗುತ್ತದೆ. ಮಲಗಿಸುವಾಗ ಅಂಗಾತ ಮಲಗಿಸಿ. ಮುಖದ ಹತ್ತಿರ ಮೆತ್ತನೆಯ ದಿಂಬು ಬೇಡ.

ಕಾರ್ಡು ಮರೆಯಬೇಡಿ

ನಮ್ಮ ಹಿರಿಯರ ತೋಳಿನ ಮೇಲೆ ದೇವಿ ಹಾಕಿಸಿದ ಕಲೆ ಈಗಲೂ ಕಾಣುತ್ತದೆ. ಆ ಸಿಡುಬು ನಮ್ಮ ದೇಶದಲ್ಲಿ ಕೊನೆಯದಾಗಿ ಕಂಡದ್ದು 1975ರಲ್ಲಿ. ಪೋಲಿಯೋ ಕೊನೆಯದಾಗಿ ಕಂಡದ್ದು 2011ರ ಜನವರಿಯಲ್ಲಿ. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಸಾರಲಾಯಿತು. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2023ರಲ್ಲಿ ಆ ಸಂಖ್ಯೆ 25. ಈ ಇಳಿತದಲ್ಲಿ ಲಸಿಕೆಯ ಪಾಲು ದೊಡ್ಡದು.

ಸರಕಾರದ ಪಟ್ಟಿಯಂತೆ ಹುಟ್ಟಿದೊಡನೆ ಕ್ಷಯಕ್ಕೆ ಬಿ.ಸಿ.ಜಿ., ಪೋಲಿಯೋ ಹನಿ, ಕಾಮಾಲೆ ತರುವ ಹೆಪಟೈಟಿಸ್ ಬಿ ಲಸಿಕೆ. ಆಮೇಲೆ 6, 10, 14ನೆಯ ವಾರಗಳಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೊದಲಾದ ಐದು ರೋಗಗಳಿಗೆ ಒಂದೇ ಚುಚ್ಚುಮದ್ದು. ಜೊತೆಗೆ ಪೋಲಿಯೋ ಹನಿ, ರೋಟಾ ಭೇದಿಯ ಲಸಿಕೆ. ನ್ಯುಮೋನಿಯಾ ತಡೆಯುವ ಲಸಿಕೆ 6 ಮತ್ತು 14ನೆಯ ವಾರಗಳಲ್ಲಿ, ಮತ್ತೆ 9ನೆಯ ತಿಂಗಳಲ್ಲಿ. ದಡಾರದ ಲಸಿಕೆಯೂ ಎ ಜೀವಸತ್ವವೂ 9 ತಿಂಗಳು ತುಂಬಿದ ಮೇಲೆ. ರೋಟಾ ಲಸಿಕೆಯ ಕತೆಯಲ್ಲಿ ನಮ್ಮ ವಾಚಕರು ನೆಲೆಸಿರುವ ಎರಡು ಊರುಗಳ ಹೆಸರಿದೆ: ದೆಹಲಿಯ ಏಮ್ಸ್ ಆಸ್ಪತ್ರೆಯ ಶಿಶುಗಳಲ್ಲಿ 1980ರ ದಶಕದಲ್ಲಿ ಕಂಡ ಸೌಮ್ಯ ರೋಗಾಣುವಿನಿಂದ ಹೈದರಾಬಾದಿನಲ್ಲಿ ದೇಶೀಯ ಲಸಿಕೆ ತಯಾರಾಯಿತು, 2016ರಿಂದ ಸರಕಾರದ ಪಟ್ಟಿಗೆ ಸೇರಿತು.

ಪರಸ್ಥಳದವರಾದ ನಮ್ಮ ತೊಡಕು ಬೇರೆ. ಮೊದಲ ಲಸಿಕೆಗಳು ತವರಿನಲ್ಲಿ, ಮುಂದಿನವು ಇಲ್ಲಿ. ನಡುವೆ ಊರಿನ ತಾಯಿ ಕಾರ್ಡು ಅಲ್ಲಿಯ ಗೂಡಿನಲ್ಲೇ ಉಳಿದುಬಿಡುತ್ತದೆ. ರೈಲಿನ ಟಿಕೇಟಿನಷ್ಟೇ ಜೋಪಾನವಾಗಿ ಅದನ್ನು ತನ್ನಿ. ಯಾವ ರಾಜ್ಯದ ಕಾರ್ಡಾದರೂ ಯಾವ ಊರಿನ ಸರಕಾರಿ ಅಥವಾ ನಗರಪಾಲಿಕೆಯ ದವಾಖಾನೆಯಲ್ಲೂ ಪಟ್ಟಿಯ ಲಸಿಕೆಗಳು ಉಚಿತ. ಒಂದು ತಪ್ಪಿಹೋಗಿದ್ದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ತಡವಾದರೂ ಬಹುತೇಕ ಲಸಿಕೆಗಳನ್ನು ಮುಂದುವರಿಸಲು ಬರುತ್ತದೆ.

ಪಕ್ಕದ ಮನೆಯ ಕೂಸು ನಡೆದರೆ?

ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗು, ನಾಲ್ಕಕ್ಕೆ ನಿಂತ ಕತ್ತು, ಆರರ ಸುಮಾರಿಗೆ ಬೋರಲು ಬೀಳುವುದು, ಎಂಟರ ಸುಮಾರಿಗೆ ಆಸರೆಯಿಲ್ಲದೆ ಕೂರುವುದು, ಹತ್ತಕ್ಕೆ ಬೆರಳ ತುದಿಯಿಂದ ಕಾಳು ಹೆಕ್ಕುವುದು, ವರ್ಷಕ್ಕೆ ನಿಲ್ಲುವುದು. ಇದು ಸ್ಥೂಲವಾದ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆ ದೆಹಲಿಯ ಶಿಶುಗಳನ್ನೂ ಸೇರಿಸಿ ಹಲವು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆರೋಗ್ಯವಂತ ಮಕ್ಕಳು ಒಂಟಿಯಾಗಿ ನಡೆಯತೊಡಗಿದ್ದು 8ರಿಂದ 18 ತಿಂಗಳ ನಡುವೆ. ಕೆಲವರು ಅಂಬೆಗಾಲಿಡದೆಯೇ ನಡೆದರು! ಆದ್ದರಿಂದ ಎದುರು ಮನೆಯ ಮಗುವಿಗೆ ಹೋಲಿಸಿ ಕೊರಗುವುದು ಬೇಡ. ಚಕ್ರದ ವಾಕರ್ ತಂದು ಅವಸರಿಸುವುದೂ ಬೇಡ. ಆದರೆ ಮೂರು ತಿಂಗಳಾದರೂ ನಗದಿದ್ದರೆ, ಐದಕ್ಕೂ ಕತ್ತು ನಿಲ್ಲದಿದ್ದರೆ, ಹತ್ತಕ್ಕೂ ಕೂರದಿದ್ದರೆ, ಸದ್ದಿಗೆ ತಿರುಗದಿದ್ದರೆ, ಕಲಿತದ್ದನ್ನು ಮರೆತರೆ, ಡಾಕ್ಟರಿಗೆ ತೋರಿಸಲು ತಡಮಾಡಬಾರದು.

ಹಾಲು, ಹಾಳು

ಕೂಸಿಗೆ ಕನ್ನಡ ಯಾವಾಗ ಕಲಿಸಬೇಕೆಂದು ಸಂಘದಲ್ಲಿ ಹಲವರು ಕೇಳುತ್ತಾರೆ. ಮಾತು ಬಂದ ಮೇಲೆ ಎಂದು ನಾವೂ ತಿಳಿದಿದ್ದೆವು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಮನಶ್ಶಾಸ್ತ್ರಜ್ಞರು 1984ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಬೇರೆಯೇ ಹೇಳುತ್ತದೆ. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತಕಾರ, ಟಕಾರಗಳನ್ನು ಕೇಳಿಸಿದರು. 6ರಿಂದ 8 ತಿಂಗಳ ಕೂಸುಗಳಲ್ಲಿ ಬಹುಪಾಲು ಆ ಭೇದವನ್ನು ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಗುರುತಿಸಿದವು ಕೆಲವೇ. ಹಿಂದಿ ಮನೆಗಳ ಕೂಸುಗಳು ಮಾತ್ರ ಆ ಭೇದವನ್ನು ಉಳಿಸಿಕೊಂಡಿದ್ದವು. ದಿನವೂ ಕೇಳದ ಧ್ವನಿಗೆ ಕಿವಿ ವರ್ಷದೊಳಗೇ ಮಂದವಾಗತೊಡಗುತ್ತದೆಂದು ಇದರ ಅರ್ಥ.

ನಮ್ಮ ಹಾಲು ಬೇರೆ, ಹಾಳು ಬೇರೆ. ದೆಹಲಿಯ ಬೀದಿಯ ಹಿಂದಿಯಲ್ಲಿ ಳಕಾರವಿಲ್ಲ. ಅಲ್ಲಿಯ ಕನ್ನಡದ ಕೂಸಿಗೆ ಅದನ್ನು ಕೇಳಿಸುವವರು ತಂದೆ ತಾಯಿಗಳೇ. ಎಣ್ಣೆ ಹಚ್ಚುವಾಗ, ಬಟ್ಟೆ ಬದಲಿಸುವಾಗ, ಉಣಿಸುವಾಗ ಕನ್ನಡದಲ್ಲಿ ಮಾತಾಡಿ, ಜೋಗುಳ ಹಾಡಿ, ರಾಗ ತಪ್ಪಿದರೂ ಕೂಸು ಆಕ್ಷೇಪಿಸುವುದಿಲ್ಲ. ಎರಡು ಭಾಷೆ ಕೇಳಿದರೆ ಮಗು ಗೊಂದಲಗೊಂಡು ಮಾತು ತಡವಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ನಮ್ಮ ಕೂಸು ಹಗಲು ಆಜಿಯ ಮರಾಠಿ, ರಾತ್ರಿ ನಮ್ಮ ಕನ್ನಡ ಕೇಳಿಯೇ ಬೆಳೆಯಿತು. ಊಟ ಮಾಡಿಸಲು ಫೋನಿನ ಪರದೆಯನ್ನು ತೋರಿಸುವುದು ಮಾತ್ರ ಬೇಡ. ವರ್ಷದೊಳಗಿನ ಕೂಸಿಗೆ ಪರದೆಯೇ ಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊರಿನ ಅಜ್ಜಿಯೊಡನೆ ಮುಖ ನೋಡಿ ನಾಲ್ಕು ಮಾತಾಡುವುದಕ್ಕೆ ಅಮೆರಿಕದ ಮಕ್ಕಳ ತಜ್ಞರ ಸಂಘ ವಿನಾಯಿತಿ ಕೊಟ್ಟಿದೆ. ನಮ್ಮ ಮನೆಯಲ್ಲೂ ಆ ವಿನಾಯಿತಿ ಉಂಟು.

ಬೆಳಗಾಗಲಿ ಎಂದು ಕಾಯಬಾರದ ಹೊತ್ತು

ಕೊನೆಗೆ ಒಂದು ಮಾತನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ ಎಂದು ಬೇಡುತ್ತೇವೆ. ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಸೆಳೆತ ಬಂದರೆ, ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋದರೆ, ಎರಡು ತಿಂಗಳೊಳಗಿನ ಕೂಸಿನ ಉಸಿರು ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳ ಕೂಸಿನದು 50 ಮುಟ್ಟಿದರೆ, ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ, ಹುಟ್ಟಿದ ಮೊದಲ ದಿನವೇ ಕಾಮಾಲೆ ಕಂಡರೆ, ಅಥವಾ ಹಳದಿ ಅಂಗೈ ಅಂಗಾಲಿಗೆ ಇಳಿದರೆ, ಭೇದಿಯಲ್ಲಿ ರಕ್ತವಿದ್ದರೆ, ಕಣ್ಣು ಗುಳಿಬಿದ್ದು ಮೂತ್ರ ನಿಂತರೆ, ಯಾರನ್ನೂ ಫೋನಿನಲ್ಲಿ ಕೇಳುತ್ತ ಕೂರದೆ ನೇರ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಫೋನು ಮಾಡಬಹುದು.

ನಮ್ಮ ಕೂಸು ಈಗ ಶಾಲೆಗೆ ಹೋಗುತ್ತಿದೆ. ಆ ರಾತ್ರಿಯ ಸಂಗತಿಯನ್ನು ಅಜ್ಜಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಲ್ಲಿನ ವಿಷಯ ನಾನು ತಪ್ಪು ಹೇಳ್ದೆ. ನೀವು ಒಳಲೆ ವಿಷಯ ಕೇಳ್ಲಿಲ್ಲ. ಸರಿಹೋಯ್ತು ಬಿಡು" ಎಂದರು. ಅಲ್ಲಿಂದ ಯಾವ ಮೊಮ್ಮಗುವಿಗೆ ಭೇದಿಯಾದರೂ ಅವರು ಕೇಳುವ ಮೊದಲ ಪ್ರಶ್ನೆ, "ಪೊಟ್ಟಣ ಕಲಸಿದ್ರಾ?" ಎಂಬುದು.

ಬೆಳ್ಳಿಯ ಒಳಲೆ ಕಪಾಟಿನಿಂದ ಹೊರಬಂದು, ನಮ್ಮ ಸಂಘದ ನಾಲ್ಕು ಮನೆಗಳನ್ನು ಸುತ್ತಿ ಬಂದಿದೆ. ಹೊಸದಾಗಿ ಕೂಸಿನೊಡನೆ ಊರಿನಿಂದ ಬಂದವರಿದ್ದರೆ ಕೇಳಿ ಪಡೆಯಬಹುದು. ಕುದಿಯುವ ನೀರಿನಲ್ಲಿ ತೊಳೆದು ಕೊಡುತ್ತೇವೆ. ಜೊತೆಗೆ ಎರಡು ಪೊಟ್ಟಣ ಓ.ಆರ್.ಎಸ್.